ಕುಂಬಳಕಾಯಿ ಒಡೆದವರು, ಗುಡಿಸಿದವರು

ಆಯುಧಪೂಜೆಯ ಮರುದಿನ ಬೆಳಿಗ್ಗೆ ಆರು ಗಂಟೆಗೆ ತುಮಕೂರಿನ ಮಂಡಿಪೇಟೆಯಲ್ಲೋ ಬಿ.ಎಚ್. ರಸ್ತೆಯಲ್ಲೋ ನಡೆದವರಿಗೆ ಗೊತ್ತು. ಅಂಗಡಿಗೊಂದರಂತೆ ಒಡೆದ ಬೂದುಗುಂಬಳಕಾಯಿ. ಅದರ ತಿರುಳು, ಕುಂಕುಮದ ನೀರು, ಚಕ್ರಕ್ಕೆ ಸಿಕ್ಕಿ ಅಪ್ಪಚ್ಚಿಯಾದ ನಿಂಬೆಹಣ್ಣು, ಬಾಡಿದ ಮಾವಿನ ಸೊಪ್ಪು, ಮುರಿದ ಬಾಳೆಕಂದು. ಸ್ಕೂಟರಿನವನು ಗಟ್ಟಿಯಾಗಿ ಬ್ರೇಕ್ ಹಿಡಿದನೋ, ನೇರ ಚರಂಡಿಗೆ. ಅಷ್ಟು ಹೊತ್ತಿಗೆ ತಳ್ಳುಗಾಡಿ, ಪೊರಕೆ ಹಿಡಿದು ನಾಲ್ಕೈದು ಜನ ಬಂದಿರುತ್ತಾರೆ. ಊರಿಗೆ ರಜೆ. ಕಸಕ್ಕೆ ಎಲ್ಲಿಯ ರಜೆ?

ಹಬ್ಬಗಳ ಸಾಲು ಬಂತು ಅಂದರೆ ಅಂಗಡಿ ಕಟ್ಟೆಯಲ್ಲೂ ಬಸ್ಸಿನಲ್ಲೂ ಒಂದೇ ಮಾತು. ಸೇವಂತಿಗೆ ಮಾರು ಇಷ್ಟು, ಬಾಳೆಹಣ್ಣು ಕೇಜಿಗೆ ಇಷ್ಟು, ಹಬ್ಬ ಮಾಡೋದು ಹೇಗೆ ಸ್ವಾಮಿ? ಮಾತು ನಿಜವೇ. ಅದನ್ನು ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಇವತ್ತು ಇಲ್ಲಿ ಬೇರೆ ಒಂದು ಸಂಗತಿ.

ನಾವು ಉಪಕಾರ ಮರೆಯುವ ಜನ ಅಂತ ಯಾರೂ ಹೇಳುವ ಹಾಗಿಲ್ಲ. ಪಂಚಾಂಗ ತೆಗೆದು ನೋಡಿ. ಮಹಾಲಯ ಅಮಾವಾಸ್ಯೆಗೆ ಸತ್ತ ಹಿರಿಯರಿಗೆ ಎಡೆ. ನವಮಿಗೆ ತಕ್ಕಡಿ, ತೂಕದ ಬಟ್ಟು, ಲಾರಿ, ಹೊಲಿಗೆ ಮೆಷಿನ್ನು, ಸುತ್ತಿಗೆ, ಸ್ಪ್ಯಾನರ್ರು ಎಲ್ಲಕ್ಕೂ ಅರಿಶಿನ ಕುಂಕುಮ. ದೀಪಾವಳಿಗೆ ಗೋಪೂಜೆ. ಸಂಕ್ರಾಂತಿಗೆ ದನಕರುಗಳ ಮೈ ತೊಳೆದು ಕಿಚ್ಚು ಹಾಯಿಸುವುದು. ಕಾರಹುಣ್ಣಿಮೆಗೆ ಎತ್ತಿಗೆ ಸಿಂಗಾರ. ಅನ್ನ ಕೊಟ್ಟದ್ದನ್ನು ನೆನೆಯುವುದಕ್ಕೆ ಇಷ್ಟೊಂದು ದಿನ ಇಟ್ಟುಕೊಂಡಿರುವುದು ದೊಡ್ಡ ವಿಚಾರವೇ. ಆದರೆ ಈ ಪಟ್ಟಿಯನ್ನು ಇನ್ನೊಂದು ಸಲ ಓದಿ. ಸತ್ತವರು, ಕಬ್ಬಿಣ, ದನ. ಇವರಲ್ಲಿ ಯಾರೂ ತಿರುಗಿ ಮಾತಾಡುವವರಲ್ಲ. ಹಾರ ಹಾಕಿಸಿಕೊಂಡ ತಕ್ಕಡಿ ಮರುದಿನ ಬಂದು "ಅಣ್ಣಾ, ಸಂಬಳ ಸ್ವಲ್ಪ ಜಾಸ್ತಿ ಮಾಡಿ" ಅನ್ನುವುದಿಲ್ಲ. ಬಾಯಿದ್ದವರ ಹತ್ತಿರ ಬಂದಾಗ ಮಾತ್ರ ನಮ್ಮ ಕೃತಜ್ಞತೆ ಕಡ್ಲೆಪುರಿ ಪೊಟ್ಟಣಕ್ಕೆ ಮುಗಿದುಹೋಗುತ್ತದೆ. ನಮ್ಮ ಪ್ರೆಸ್ಸಿನ ಕಥೆಯೂ ಇದೇ ಬಿಡಿ, ಮೆಷಿನ್ನಿಗೆ ಹಾಕುವ ಹಾರ ಪೇಪರ್ ಹಂಚುವ ಹುಡುಗನ ಅಂಗಿಗಿಂತ ದುಬಾರಿ.

ಪೊರಕೆಯವರ ವಿಷಯಕ್ಕೆ ಬರೋಣ. ಈ ರಾಜ್ಯದಲ್ಲಿ ಮಲವನ್ನು ಬುಟ್ಟಿಯಲ್ಲಿ ತುಂಬಿ ತಲೆ ಮೇಲೆ ಹೊತ್ತು ಸಾಗಿಸುತ್ತಿದ್ದ ಕಾಲ ಬಹಳ ಹಿಂದಿನದೇನೂ ಅಲ್ಲ. 1970ರ ದಶಕದ ಶುರುವಿನಲ್ಲಿ, ದೇವರಾಜ ಅರಸು ಸಂಪುಟದಲ್ಲಿ ಪೌರಾಡಳಿತ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ಅದನ್ನು ನಿಷೇಧಿಸಿದರು. ಆಮೇಲೆ ಐ.ಪಿ.ಡಿ. ಸಾಲಪ್ಪ ಸಮಿತಿ ಈ ಜನರ ಬದುಕನ್ನೂ ಕೆಲಸವನ್ನೂ ಪರಿಶೀಲಿಸಿ 1976ರಲ್ಲಿ ವರದಿ ಕೊಟ್ಟಿತು. ಪ್ರತಿ 500 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಇರಬೇಕು ಅಂದಿತು. ಸರ್ಕಾರ ಆಮೇಲೆ ಹಿಡಿದದ್ದು 700ಕ್ಕೆ ಒಬ್ಬರ ಲೆಕ್ಕ.

ಅಂಗಡಿಯವರಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ, ಆದರೂ ಹಾಕಿ ನೋಡಿ. 2011ರ ಜನಗಣತಿಯಲ್ಲೇ ತುಮಕೂರು ಪಟ್ಟಣದ ಜನ ಮೂರು ಲಕ್ಷ ದಾಟಿತ್ತು. ಸಾಲಪ್ಪನವರ ಲೆಕ್ಕದಲ್ಲಿ ಮೂರು ಲಕ್ಷಕ್ಕೆ 600 ಜನ ಬೇಕು. ಸರ್ಕಾರದ ಲೆಕ್ಕದಲ್ಲಿ ಸುಮಾರು 430. ಕಾಗದದ ಮೇಲೆಯೇ 170 ಜನ ಮಾಯ! ಅವರು ಗುಡಿಸಬೇಕಾದ ಬೀದಿ ಮಾಯ ಆಗಿಲ್ಲವಲ್ಲ. ಇದ್ದವರೇ ಗುಡಿಸುತ್ತಾರೆ. ಹಬ್ಬದ ಮರುದಿನ ಅದೇ ಬೀದಿಯಲ್ಲಿ ಕಸ ಇನ್ನಷ್ಟು, ಕೈ ಮಾತ್ರ ಅಷ್ಟೇ.

ಸೆಪ್ಟೆಂಬರ್ 23 ಪೌರಕಾರ್ಮಿಕರ ದಿನ. ಶಾಲು, ಹಾರ, ಭಾಷಣ ಎಲ್ಲ ಇರುತ್ತದೆ. ಬೇಡ ಅನ್ನುತ್ತಿಲ್ಲ. ಆದರೆ ಮನೆ ಮುಂದೆ ಕಸ ತೆಗೆಯಲು ಬಂದಾಕೆ ಕುಡಿಯೋಕೆ ನೀರು ಕೇಳಿದರೆ ಪ್ಲಾಸ್ಟಿಕ್ ಲೋಟ ಹುಡುಕಿ, ಎರಡು ಅಡಿ ದೂರದಿಂದ ಎತ್ತಿ ಕೊಡುವ ಮನೆಗಳು ಇನ್ನೂ ಇವೆ. ವೇದಿಕೆ ಮೇಲಿನ ಶಾಲಿಗೂ ಈ ಲೋಟಕ್ಕೂ ತಾಳೆ ಆಗುವುದು ಯಾವಾಗ?

ಇನ್ನು ಬಸ್ಸಿನವರು. ಆಯುಧಪೂಜೆಗೆ ಕೆ.ಎಸ್.ಆರ್.ಟಿ.ಸಿ. ಬಸ್ಸುಗಳಿಗೆ ಬಾಳೆಕಂದು ಕಟ್ಟಿ ಸಿಂಗರಿಸಿದ್ದನ್ನು ಎಲ್ಲರೂ ನೋಡಿದ್ದೀರಿ. ಇದಕ್ಕೆ ನಿಗಮ ಕೊಡುತ್ತಿದ್ದದ್ದು ಒಂದು ಬಸ್ಸಿಗೆ 100 ರೂಪಾಯಿ. 2024ರಲ್ಲಿ 250 ಮಾಡಿದರು. ಹಬ್ಬದ ದಿನದ ಹೂವಿನ ರೇಟಿನಲ್ಲಿ 100 ರೂಪಾಯಿಗೆ ಬಸ್ಸಿನ ಕನ್ನಡಿಯನ್ನಾದರೂ ಮುಚ್ಚಬಹುದಿತ್ತೇ? ಸಾಲದ್ದಕ್ಕೆ ಡ್ರೈವರ್ ಕಂಡಕ್ಟರುಗಳೇ ಜೇಬಿಗೆ ಕೈ ಹಾಕಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಟಿಕೆಟಿನ ದುಡ್ಡು ಉಳಿಯಿತು, ಒಳ್ಳೆಯದೇ ಆಯಿತು. ದುಡ್ಡಿಲ್ಲದ ಟಿಕೆಟನ್ನೂ ಕಂಡಕ್ಟರು ಹರಿದು ಕೊಡಲೇಬೇಕು. ತುಂಬಿದ ಬಸ್ಸಿನಲ್ಲಿ ಮುಂಬಾಗಿಲಿನಿಂದ ಹಿಂಬಾಗಿಲಿಗೆ ನುಗ್ಗಿ ಬರುವಷ್ಟರಲ್ಲಿ ಮುಂದಿನ ಸ್ಟಾಪು. ಅಲ್ಲಿ ನಾವು ಐನೂರರ ನೋಟು ಹಿಡಿದು ನಿಂತಿರುತ್ತೇವೆ, "ಚಿಲ್ಲರೆ ಇಲ್ವಾ?" ಅಂದರೆ ಜಗಳಕ್ಕೆ ಸಿದ್ಧ. ದೀಪಾವಳಿ ಹಿಂದಿನ ರಾತ್ರಿ ನಮ್ಮನ್ನು ಊರು ಮುಟ್ಟಿಸಿದ ಮನುಷ್ಯ ತನ್ನ ಮನೆಗೆ ಯಾವಾಗ ಹೋದ ಎಂದು ಕೇಳಿದವರು ಎಷ್ಟು ಜನ?

ಕನ್ನಡದಲ್ಲಿ "ಧನ್ಯವಾದ" ಸಭೆಯ ಮಾತು. ಸ್ಟಾಪಿನಲ್ಲಿ ಇಳಿಯುವಾಗ ಹಾಗೆಂದರೆ ಕಂಡಕ್ಟರು ಗಾಬರಿಯಾದಾನು. ಹಳ್ಳಿಯ ಹಿರಿಯರು "ಉಪ್ಕಾರ ಆಯ್ತಪ್ಪ" ಅನ್ನುತ್ತಾರೆ, ಅಥವಾ "ಊಟ ಆಯ್ತಾ?" ಅಂತ ಕೇಳುತ್ತಾರೆ. ಅಷ್ಟು ಸಾಕು. ಅದಕ್ಕೂ ನಮಗೆ ಪುರಸೊತ್ತಿಲ್ಲ, ಕಣ್ಣು ಮೊಬೈಲಿನಲ್ಲಿ.

ಅಂಗಡಿ ಮಾಲೀಕರು ಸಿಟ್ಟಾಗಬಾರದು, ನಿಮ್ಮದೂ ಒಂದಿದೆ. ಬೋನಸ್ ಕಾನೂನು ಇರುವುದು 20 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆಗೆ. ಕನಿಷ್ಠ ಶೇಕಡ 8.33, ಅಂದರೆ ಹನ್ನೆರಡರಲ್ಲೊಂದು ಪಾಲು. ಮೂರು ಹುಡುಗರಿರುವ ಬಟ್ಟೆ ಅಂಗಡಿಗೋ ಇಬ್ಬರಿರುವ ದಿನಸಿ ಅಂಗಡಿಗೋ ಅದು ತಾಗುವುದಿಲ್ಲ. ಹಾಗಾಗಿ ಇಲ್ಲಿ ಎಲ್ಲವೂ ಮಾಲೀಕರ ಮನಸ್ಸಿಗೆ ಬಿಟ್ಟದ್ದು. ವರ್ಷವೆಲ್ಲ ಹುಡುಗನ ಊಟ, ಆಸ್ಪತ್ರೆ, ಮನೆಯ ಕಷ್ಟ ನೋಡಿಕೊಂಡು, ಹಬ್ಬಕ್ಕೆ ಒಂದು ತಿಂಗಳ ಸಂಬಳ ಎಣಿಸಿ ಕೊಡುವವರು ಇದ್ದಾರೆ, ಅವರಿಗೆ ಕೈ ಮುಗಿಯಬೇಕು. ಸೀಸನ್ನಿನಲ್ಲಿ ರಾತ್ರಿ ಹನ್ನೊಂದರವರೆಗೆ ನಿಲ್ಲಿಸಿಕೊಂಡು ಕೊನೆಗೆ ಅರ್ಧ ಕೇಜಿ ಸ್ವೀಟು ಕೈಗಿಟ್ಟು ಫೋಟೋ ತೆಗೆಸುವವರೂ ಇದ್ದಾರೆ. ಮೂಟೆ ಹೊರುವ ಹಮಾಲಿಗೆ ಸ್ವೀಟೂ ಇಲ್ಲ, ಅವನು ಯಾರ ಲೆಕ್ಕಕ್ಕೂ ಸೇರಿದವನಲ್ಲ, ಮಂಡಿಗೆಲ್ಲ ಸೇರಿದವನು. ಬೀದಿಯವರೆಲ್ಲ ಸೇರಿ ಆಳಿಗಿಷ್ಟು ಅಂತ ಹಾಕಿದರೆ ಒಂದೊಂದು ಅಂಗಡಿಗೆ ಬೀಳುವುದು ಒಂದು ಕುಂಬಳಕಾಯಿಯ ದುಡ್ಡು.

ಕುಂಬಳಕಾಯಿ ಅಂದಾಗ ನೆನಪಾಯಿತು. ನಡುರಸ್ತೆಯಲ್ಲಿ ಒಡೆಯಬೇಡಿ ಅಂತ ವರ್ಷವರ್ಷ ಪೊಲೀಸರೂ ಹೇಳುತ್ತಾರೆ, ನಾವೂ ಬರೆಯುತ್ತೇವೆ, ನೀವೂ ಒಡೆಯುತ್ತೀರಿ. ದೃಷ್ಟಿ ತೆಗೆಯುವುದಕ್ಕೆ ಅಡ್ಡಿ ಮಾಡುವವರು ಯಾರೂ ಇಲ್ಲ. ಅಂಗಡಿ ಮುಂದೆ ಗೋಣಿಚೀಲ ಹಾಸಿ ಅದರ ಮೇಲೆ ಒಡೆಯಿರಿ. ಒಳಗೆ ಚಿಲ್ಲರೆ ಕಾಸು ತುಂಬಬೇಡಿ, ಅದಕ್ಕಾಗಿ ಮಕ್ಕಳು ಲಾರಿ ಮುಂದೆ ನುಗ್ಗುತ್ತವೆ. ಪೂಜೆ ಮುಗಿದ ಮೇಲೆ ಹೋಳನ್ನೂ ಬಾಳೆಕಂದನ್ನೂ ಅದೇ ಚೀಲಕ್ಕೆ ತುಂಬಿ ಬಾಗಿಲ ಪಕ್ಕ ಇಡಿ. ಬೆಳಿಗ್ಗೆ ಬರುವಾಕೆ ಎತ್ತಿ ಗಾಡಿಗೆ ಹಾಕಿಕೊಂಡರೆ ಆಯಿತು, ಬಗ್ಗಿ ಕೆರೆಯುವ ಕೆಲಸ ಇಲ್ಲ. ಕಾಸನ್ನು ಅವಳ ಕೈಗೇ ಕೊಡಬಹುದು.

ಅಂತರಸನಹಳ್ಳಿ ಮಾರುಕಟ್ಟೆಗೆ ಕುಂಬಳಕಾಯಿ ಲಾರಿಗಳು ಬರುವುದಕ್ಕೆ ಇನ್ನೂ ಟೈಮಿದೆ. ಗೋಣಿಚೀಲ ಅಂಗಡಿಯಲ್ಲೇ ಇರುತ್ತದೆ.