ಚಾವಣಿಯಡಿಯ ಗಾಳಿಗೂ ಲೆಕ್ಕವಿದೆ. ರಿಡೆವಲಪ್‌ಮೆಂಟ್ ಮಾತುಕತೆಯಲ್ಲಿ ಮರೆತುಹೋಗುವ ವಿಷಯ

ಮುಂಬಯಿ: ಮಹಾನಗರದ ಹಳೆಯ ಹೌಸಿಂಗ್ ಸೊಸೈಟಿಗಳು ಒಂದರ ಹಿಂದೊಂದು ರಿಡೆವಲಪ್‌ಮೆಂಟ್‌ಗೆ ಹೋಗುತ್ತಿವೆ. ಸಭೆಗಳಲ್ಲಿ ಕಾರ್ಪೆಟ್ ಏರಿಯಾ, ಕಾರ್ಪಸ್ ಫಂಡ್, ಪಾರ್ಕಿಂಗ್ ಕುರಿತು ಗಂಟೆಗಟ್ಟಲೆ ಚರ್ಚೆಯಾಗುತ್ತದೆ. ಆದರೆ ಕೊನೆಯ ಮಹಡಿಯ ಸ್ಲ್ಯಾಬ್ ಎಷ್ಟು ಶಾಖವನ್ನು ಮನೆಯೊಳಗೆ ಬಿಡುತ್ತದೆ ಎಂದು ಕೇಳುವವರು ವಿರಳ. ಇದರ ಬೆಲೆಯನ್ನು ಮುಂದೆ ವರ್ಷಗಟ್ಟಲೆ ವಿದ್ಯುತ್ ಬಿಲ್ಲಿನಲ್ಲಿ ತೆರಬೇಕಾಗುತ್ತದೆ.

ಕೇಂದ್ರ ಸರಕಾರ 2018ರ ಡಿಸೆಂಬರ್‌ನಲ್ಲಿ ವಸತಿ ಕಟ್ಟಡಗಳಿಗಾಗಿ ‘ಇಕೋ ನಿವಾಸ್ ಸಂಹಿತಾ’ ಹೊರತಂದಿತು. ಒಳಗಿಗೂ ಹೊರಗಿಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಚಾವಣಿಯ ಮೂಲಕ ಚದರ ಮೀಟರಿಗೆ 1.2 ವ್ಯಾಟ್‌ಗಿಂತ ಹೆಚ್ಚು ಶಾಖ ಹಾಯಬಾರದು ಎಂಬುದು ಅದರ ಮಿತಿ. ಆರಿಂಚಿನ ಬರಿಯ ಕಾಂಕ್ರೀಟ್ ಸ್ಲ್ಯಾಬ್‌ನಲ್ಲಿ ಈ ಅಂಕಿ ಸುಮಾರು 3. 2022ರ ಇಂಧನ ಸಂರಕ್ಷಣಾ ತಿದ್ದುಪಡಿ ಕಾಯ್ದೆ ದೊಡ್ಡ ವಸತಿ ಕಟ್ಟಡಗಳನ್ನೂ ಇಂಥ ಸಂಹಿತೆಯ ವ್ಯಾಪ್ತಿಗೆ ತಂದಿದೆ. ತೆಲಂಗಾಣ ಸರಕಾರ 2023ರಲ್ಲಿ ತಂಪು ಚಾವಣಿಗಾಗಿಯೇ ಪ್ರತ್ಯೇಕ ನೀತಿ ಪ್ರಕಟಿಸಿತು.

ಫಾಲ್ಸ್ ಸೀಲಿಂಗ್ ಹಾಕಿಸಿದರೆ ಸಾಕು, ಮನೆ ತಂಪಾಗುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ಇದು ಅರ್ಧ ಸತ್ಯ. ಅಲುಗಾಡದೆ ನಿಂತ ಗಾಳಿ ಶಾಖವನ್ನು ಸುಲಭವಾಗಿ ಸಾಗಿಸುವುದಿಲ್ಲ. ಕಂಬಳಿ ಬೆಚ್ಚಗಿಡುವುದೂ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದಲೇ. ಆದರೆ ಸ್ಲ್ಯಾಬ್ ಮತ್ತು ಸೀಲಿಂಗ್ ನಡುವಿನ ಅಂತರವನ್ನು ಒಂದಿಂಚಿನಿಂದ ಒಂದಡಿಗೆ ಏರಿಸಿದರೆ ಲಾಭ ಹನ್ನೆರಡು ಪಟ್ಟಾಗುವುದಿಲ್ಲ. ಒಂದಿಂಚು ದಾಟಿದ ಮೇಲೆ ಹೆಚ್ಚುವ ಪ್ರಯೋಜನ ಅತ್ಯಲ್ಪ.

ಕಾರಣ ಸರಳ. ಬೇಸಿಗೆಯ ಹಗಲಿನಲ್ಲಿ ಬಿಸಿ ಮೇಲಿರುತ್ತದೆ, ಬಿಸಿ ಗಾಳಿಯೂ ಮೇಲೆಯೇ ನಿಲ್ಲುತ್ತದೆ. ಕಾದ ಸ್ಲ್ಯಾಬ್‌ನಿಂದ ಸೀಲಿಂಗ್‌ಗೆ ಶಾಖ ಇಳಿಯುವುದು ಹೆಚ್ಚಾಗಿ ವಿಕಿರಣದ ರೂಪದಲ್ಲಿ, ಒಲೆಯ ಕೆಂಡದ ಕಾವು ದೂರದಿಂದಲೇ ಮುಖಕ್ಕೆ ತಾಗುವಂತೆ. ಇದನ್ನು ಗಾಳಿ ತಡೆಯಲಾರದು. ಹೊಳೆಯುವ ಅಲ್ಯೂಮಿನಿಯಂ ಹಾಳೆ ಇದರ ಬಹುಪಾಲನ್ನು ತಡೆಯಬಲ್ಲದು. ಬರಿಯ ಗಾಳಿಯ ಅಂತರ 3ರ ಅಂಕಿಯನ್ನು 2ರ ಆಸುಪಾಸಿಗೆ ತಂದರೆ, ಹಾಳೆ ಸೇರಿದಾಗ ಅದು 1.2ರ ಸಮೀಪಕ್ಕೆ ಬರುತ್ತದೆ. ಹಾಳೆಯ ಹೊಳೆಯುವ ಮುಖ ಕೆಳಕ್ಕೆ, ಖಾಲಿ ಜಾಗದ ಕಡೆಗೆ ಇರಬೇಕು. ಮೇಲ್ಮುಖವಾಗಿದ್ದರೆ ಧೂಳು ಕೂತು ಕೆಲಸ ಕೆಡುತ್ತದೆ. ಲೈಟು, ಎಸಿಗಾಗಿ ಕೊರೆದ ತೂತುಗಳನ್ನು ಮುಚ್ಚದಿದ್ದರೆ ಒಳಗಿನ ಗಾಳಿ ನಿಲ್ಲದು, ಖರ್ಚು ವ್ಯರ್ಥವಾದೀತು.

ಕರಾವಳಿಯ ಹಿರಿಯರು ಹಂಚಿನ ಮಾಡಿನ ಕೆಳಗೆ ಹಲಗೆಯ ಮುಚ್ಚಿಗೆ ಹಾಕಿಸುತ್ತಿದ್ದರು. ಕೆಳಗಿನ ಕೋಣೆಗೆ ಕಾದ ಹಂಚಿನ ಕಾವು ನೇರ ತಾಗದಿರಲು ಅದೂ ಒಂದು ಕಾರಣ. ಮುಂಬಯಿಯಲ್ಲಿ ಮಳೆಯ ಸಮಸ್ಯೆಯೂ ಇದೆ. ಸೋರುವ ಸ್ಲ್ಯಾಬ್‌ನ ಕೆಳಗೆ ಸೀಲಿಂಗ್ ಮುಚ್ಚಿದರೆ ಒಳಗಿನ ಹಾನಿ ಕಣ್ಣಿಗೆ ಬೀಳದು. ಆದುದರಿಂದ ಮೊದಲು ವಾಟರ್‌ಪ್ರೂಫಿಂಗ್, ಅದರ ಮೇಲೆ ಬಿಸಿಲನ್ನು ಹಿಂದಕ್ಕೆಸೆಯುವ ಬಿಳಿ ಲೇಪನ, ಅನಂತರವೇ ಸೀಲಿಂಗ್.

ಟೆರೇಸ್ ಇಡೀ ಸೊಸೈಟಿಯದು. ಅದರ ಸುಧಾರಣೆಯ ಹೊರೆಯನ್ನು ಕೊನೆಯ ಮಹಡಿಯವರ ಮೇಲಷ್ಟೇ ಹೊರಿಸುವುದು ನ್ಯಾಯವಲ್ಲ. ಹೊಸ ಕಟ್ಟಡದ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಚಾವಣಿಯ ಈ ಅಂಕಿಯನ್ನು ಬಿಲ್ಡರ್‌ನಿಂದ ಲಿಖಿತವಾಗಿ ಪಡೆಯುವುದು ಸದಸ್ಯರ ಹಿತಕ್ಕೆ ಒಳ್ಳೆಯದು. ಕನ್ನಡ ಸಂಘಗಳು ತಮ್ಮ ಕಾರ್ಯಕ್ರಮಗಳಲ್ಲಿ ಅರ್ಧ ಗಂಟೆಯನ್ನು ವಾಸ್ತುಶಿಲ್ಪಿಯೊಬ್ಬರ ಮಾಹಿತಿಗೆ ಮೀಸಲಿಟ್ಟರೆ ಹಲವು ಕುಟುಂಬಗಳಿಗೆ ಉಪಯೋಗವಾದೀತು.