ಸೊಂಟಕ್ಕೊಂದು ಒಳಗಿನ ಪಟ್ಟಿ

ಹೆರಿಗೆಯಾಗಿ ಆರೇಳು ತಿಂಗಳು ಕಳೆದಿದೆ. ಮಗುವನ್ನು ತೊಟ್ಟಿಲಿನಿಂದ ಎತ್ತುವಾಗ ಸೊಂಟದಲ್ಲಿ ಚಳುಕು. ಸುಜೂದ್‌ನಿಂದ ಏಳಬೇಕಾದರೆ ಮೊಣಕಾಲಿಗೆ ಕೈಯೂರಬೇಕು. ಎಕ್ಸ್‌ರೇಯಲ್ಲಿ ಏನೂ ಇಲ್ಲ ಎಂದರು. ಮುಲಾಮು ಹಚ್ಚಿದ್ದಾಯಿತು, ಶಾಖ ಕೊಟ್ಟದ್ದಾಯಿತು, ನೋವು ಮಾತ್ರ ಹೋದಂತೆ ಮಾಡಿ ಮರಳಿ ಬರುತ್ತಿದೆ. ನಿಮ್ಮ ಕತೆಯೂ ಇದೇ ಆಗಿದ್ದರೆ ಸೊಂಟದ ಜೊತೆಗೆ ಹೊಟ್ಟೆಯ ಕಡೆಗೂ ಸ್ವಲ್ಪ ಗಮನ ಕೊಡಿ.

ಹೊಟ್ಟೆಯ ಗೋಡೆಯಲ್ಲಿ ಸ್ನಾಯುಗಳು ಪದರ ಪದರವಾಗಿವೆ. ತೀರಾ ಒಳಗಿನ ಪದರದ ಹೆಸರು ಟ್ರಾನ್ಸ್‌ವರ್ಸಸ್ ಅಬ್ಡೊಮಿನಿಸ್. ಹೆಸರು ಉದ್ದವಾದರೂ ಕೆಲಸ ಸರಳ: ಎರಡೂ ಪಕ್ಕದಿಂದ ಪಟ್ಟಿಯಂತೆ ಸುತ್ತಿಕೊಂಡು ನಡುವನ್ನು ಬಿಗಿಹಿಡಿಯುವುದು. ಬಾಣಂತಿಯ ಹೊಟ್ಟೆಗೆ ಹಳೆಯ ಸೀರೆ ಸುತ್ತಿ ಕಟ್ಟುವ ಅಜ್ಜಿಯರು ಹೊರಗಿನಿಂದ ಕೊಡುವ ಆಸರೆಯನ್ನು ಇದು ಒಳಗಿನಿಂದ ಕೊಡುತ್ತದೆ. ಬಟ್ಟೆ ಆ ಹೊತ್ತಿಗೆ ಹಿತವೆನಿಸಬಹುದು, ಆದರೆ ಗರ್ಭದಲ್ಲಿ ಹಿಗ್ಗಿ ಸಡಿಲವಾದ ಸ್ನಾಯುವಿಗೆ ಅದು ಕೆಲಸ ಕಲಿಸುವುದಿಲ್ಲ.

1996ರಲ್ಲಿ ಆಸ್ಟ್ರೇಲಿಯಾದ ಪಾಲ್ ಹಾಡ್ಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ ಒಂದು ಸ್ವಾರಸ್ಯದ ಸಂಗತಿ ಕಂಡರು. ನೋವಿಲ್ಲದವರು ಕೈಯೆತ್ತುವಾಗ ಭುಜದ ಸ್ನಾಯುವಿಗಿಂತ ಮೊದಲೇ ಈ ಪಟ್ಟಿ ಬಿಗಿಯಾಗುತ್ತಿತ್ತು. ಸೊಂಟನೋವಿನವರಲ್ಲಿ ಅದು ತಡವಾಗುತ್ತಿತ್ತು.

ಅದನ್ನು ಎಚ್ಚರಿಸುವುದು ಹೀಗೆ. ಚಾಪೆಯ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಚಿ. ಮುಂಭಾಗದಲ್ಲಿ ಕೈಗೆ ಸಿಗುವ ಸೊಂಟದ ಎಲುಬಿನಿಂದ ಎರಡು ಬೆರಳಷ್ಟು ಒಳಕ್ಕೆ ಬೆರಳ ತುದಿಗಳನ್ನು ಇಡಿ. ಉಸಿರನ್ನು ಮೆಲ್ಲನೆ ಹೊರಬಿಡುತ್ತಾ ಹೊಕ್ಕುಳ ಕೆಳಗಿನ ಹೊಟ್ಟೆಯನ್ನು ನಿಧಾನವಾಗಿ ಒಳಗೆಳೆಯಿರಿ. ಬಿಗಿಯಾದ ಸಲ್ವಾರಿನ ಲಾಡಿಯಿಂದ ಹೊಟ್ಟೆಯನ್ನು ತುಸು ಬಿಡಿಸಿಕೊಳ್ಳುವಂತೆ, ಅಷ್ಟೇ. ಬೆರಳಡಿಯಲ್ಲಿ ಮೆತ್ತಗಿನ ಬಿಗಿ ತಿಳಿಯುತ್ತದೆ. ಬೆರಳನ್ನು ಮೇಲಕ್ಕೆ ತಳ್ಳುವಂತೆ ಹೊಟ್ಟೆ ಉಬ್ಬಿದರೆ ನೀವು ಹೆಚ್ಚು ಬಲ ಹಾಕಿದ್ದೀರಿ. ಉಸಿರು ಕಟ್ಟಬೇಡಿ, ಎಂದಿನಂತೆ ಉಸಿರಾಡುತ್ತಾ ಹತ್ತು ಸೆಕೆಂಡು ಹಿಡಿದು ಬಿಡಿ. ಹತ್ತು ಸಲ ಸಾಕು. ಮೊದಲ ದಿನ ಮೂರು ಸೆಕೆಂಡಿಗೇ ಜಾರಿಹೋದರೂ ಬೇಸರ ಬೇಡ. ರೂಢಿಯಾದ ಮೇಲೆ ಕೊಡ ಎತ್ತುವ ಮೊದಲು, ಮಗುವನ್ನು ಸೊಂಟಕ್ಕೇರಿಸುವ ಮೊದಲು ಇದೇ ಬಿಗಿಯನ್ನು ತಂದುಕೊಳ್ಳಿ.

ಸಿಸೇರಿಯನ್ ಆದವರು ವೈದ್ಯರನ್ನು ಕೇಳಿಯೇ ಶುರುಮಾಡಬೇಕು. ತಲೆಯೆತ್ತಿದಾಗ ಹೊಟ್ಟೆಯ ನಡುವೆ ಏಣಿನಂತೆ ಉಬ್ಬು ಕಂಡರೆ ಸದ್ಯಕ್ಕೆ ಎದ್ದು ಕೂರುವ ಕಸರತ್ತುಗಳು ಬೇಡ.

ಇದರಿಂದ ಹೊಟ್ಟೆಯ ಬೊಜ್ಜು ಕರಗದು. ಬೇರೆಲ್ಲ ವ್ಯಾಯಾಮಗಳಿಗಿಂತ ಇದು ಮೇಲು ಎಂದೂ ಅಲ್ಲ. 2016ರ ಕಾಕ್ರೇನ್ ಪರಿಶೀಲನೆಯ ಪ್ರಕಾರ ದೀರ್ಘಕಾಲದ ಸೊಂಟನೋವಿಗೆ ಇತರ ವ್ಯಾಯಾಮಗಳಿಗೂ ಇದಕ್ಕೂ ಹೇಳಿಕೊಳ್ಳುವಂತಹ ಅಂತರವಿಲ್ಲ. ನಡಿಗೆ ಒಗ್ಗುವವರು ನಡೆಯಲಿ. ಹೊರಗೆ ಹೋಗಲು ಬಿಡುವಿಲ್ಲದ ತಾಯಿಗೆ ಮಗು ಮಲಗಿದ ಹತ್ತು ನಿಮಿಷದಲ್ಲಿ ಮುಗಿಯುತ್ತದೆ ಎಂಬುದೇ ಇದರ ಅನುಕೂಲ.

ಬಾಯಿಬಿಟ್ಟು ಹೇಳಲಾಗದ ಇನ್ನೊಂದು ಸಂಕಟವಿದೆ. ಸೀನಿದಾಗ ಒಂದೆರಡು ಹನಿ ಮೂತ್ರ ಜಾರಿ, ವುಝೂ ಹೋಯಿತೆಂದು ಮತ್ತೆ ಮತ್ತೆ ನಲ್ಲಿಯ ಬಳಿ ನಿಲ್ಲುವವರಿದ್ದಾರೆ. ಮೂತ್ರ ತಡೆಯುವ ತಳದ ಸ್ನಾಯುಗಳು ಈ ಪಟ್ಟಿಯ ಜೊತೆಗಾರರು, ಅವಕ್ಕೂ ವ್ಯಾಯಾಮವಿದೆ. ನಾಚಿಕೆಪಡದೆ ವೈದ್ಯೆಯನ್ನೋ ಫಿಸಿಯೋಥೆರಪಿಸ್ಟರನ್ನೋ ಕೇಳಿ. ನೋವು ಜೋರಿದ್ದ ದಿನ ಕುಳಿತು ನಮಾಝ್ ಮಾಡಲು ಅನುಮತಿಯಿದೆ, ಅದಕ್ಕಾಗಿ ಕೊರಗಬೇಡಿ.

ಆದರೆ ಕಾಲು ಬಲಹೀನವಾದರೆ, ತೊಡೆಗಳ ನಡುವೆ ಮರಗಟ್ಟಿದರೆ ಅಥವಾ ಮೂತ್ರ ಕಟ್ಟಿಕೊಂಡರೆ ವ್ಯಾಯಾಮವನ್ನು ಬದಿಗಿಟ್ಟು ಅಂದೇ ಆಸ್ಪತ್ರೆಗೆ ಹೋಗಿ.