ವಿದ್ಯುತ್ ವಾಹನವೂ ರೈತರ ಸಂಶಯವೂ

ವಿದ್ಯುಚ್ಛಕ್ತಿಯಿಂದ ನಡೆಯುವ ವಾಹನಗಳ ಮಾತು ಬಂದಾಗಲೆಲ್ಲ, ‘ಅದು ಪಟ್ಟಣದವರಿಗೆ ಸರಿ, ನಮಗಲ್ಲ’ ಎಂಬ ಉತ್ತರವು ಹಳ್ಳಿಗಳಲ್ಲಿ ಕೇಳಿಬರುವುದುಂಟು. ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ದಾರಿಯಲ್ಲಿ ಶಕ್ತಿ ತೀರಿದರೆ ಗತಿಯೇನು? ಬ್ಯಾಟರಿ ಕೆಟ್ಟರೆ ವೆಚ್ಚವೆಷ್ಟು? ರಿಪೇರಿ ಬಲ್ಲವರು ಹೋಬಳಿಯಲ್ಲಿರುವರೇ? ಹಣ ತೆರುವವನು ಇವನ್ನು ಕೇಳಿಯೇ ತೀರಬೇಕು. ಆದರೆ ಉತ್ತರಕ್ಕೆ ಕಾಯದೆ ಎದ್ದುಹೋಗುವುದು ವಿವೇಕವಲ್ಲ.

ವಿದ್ಯುಚ್ಛಕ್ತಿಯು ನಮ್ಮ ನಾಡಿಗೆ ಹೊಸತಲ್ಲ. ಶಿವನಸಮುದ್ರದಲ್ಲಿ ಉತ್ಪನ್ನವಾದ ಶಕ್ತಿಯು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ ೧೯೦೫ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೂ ಒದಗಿತು. ಮುಂದೆ ಹಳ್ಳಿಗೂ ಬಂದಿತು. ನೆರೆಯವನ ಹೊಲದಲ್ಲಿ ಪಂಪಿನ ನೀರು ಹರಿಯುವುದನ್ನು ಕಂಡ ಬಳಿಕ ರೈತರು ಕಪಿಲೆಯನ್ನು ಬಿಟ್ಟರು. ವಾಹನಕ್ಕೂ ಅಂಥ ಕಣ್ಣಾರೆ ಕಾಣುವ ಪ್ರಮಾಣವೇ ಬೇಕು. ವಿದ್ಯುತ್ ವಾಹನಗಳಿಗಾಗಿ ಭಾರತದ ರಾಜ್ಯಗಳಲ್ಲೆಲ್ಲ ಮೊದಲು ನೀತಿಯನ್ನು ಪ್ರಕಟಿಸಿದ್ದು ಕರ್ನಾಟಕವೇ, ೨೦೧೭ರಲ್ಲಿ. ಆದರೆ ನೀತಿಯಿಂದ ಮಾತ್ರ ನಂಬಿಕೆ ಹುಟ್ಟುವುದಿಲ್ಲ.

ಲೆಕ್ಕವನ್ನು ನೋಡೋಣ. ೩ ಯೂನಿಟ್ಟು ಹಿಡಿಯುವ ಬ್ಯಾಟರಿಯ ಸ್ಕೂಟರು, ರಸ್ತೆ ಮತ್ತು ಹೊರೆಗಳಿಗೆ ತಕ್ಕಂತೆ, ಸುಮಾರು ೮೦ರಿಂದ ೧೦೦ ಕಿಲೋಮೀಟರು ನಡೆಯುತ್ತದೆ. ಪೆಟ್ರೋಲು ಸ್ಕೂಟರಿಗೆ ಅಷ್ಟು ದೂರಕ್ಕೆ ಸುಮಾರು ೨ ಲೀಟರು ಬೇಕು. ಹಾಲಿನ ಡೇರಿ, ಸಂತೆ, ತಾಲ್ಲೂಕು ಕಚೇರಿಗಳೆಂದು ದಿನಕ್ಕೆ ೩೦ ಕಿಲೋಮೀಟರು ತಿರುಗಿ ಮನೆಗೆ ಮರಳುವವನಿಗೆ ರಾತ್ರಿಯ ಚಾರ್ಜೇ ಸಾಕು. ದೂರದ ಊರುಗಳಿಗೆ ಹೋಗುವವರೂ ಭಾರವಾದ ಹೊರೆ ಸಾಗಿಸುವವರೂ ಆತುರಪಡಬೇಕಾಗಿಲ್ಲ. ಬೆಲೆಯ ದೊಡ್ಡ ಪಾಲು ಬ್ಯಾಟರಿಯದೇ ಆದಕಾರಣ, ಎಷ್ಟು ವರ್ಷಗಳಿಗೆ, ಎಷ್ಟು ಕಿಲೋಮೀಟರಿಗೆ ವಾರಂಟಿ ಎಂಬುದನ್ನು ಬರಹದಲ್ಲಿಯೇ ಪಡೆಯತಕ್ಕದ್ದು.

ಒಂದು ಎಚ್ಚರಿಕೆಯೂ ಅವಶ್ಯ. ಪಂಪುಸೆಟ್ಟಿಗೆಂದು ಕೊಟ್ಟ ಸಂಪರ್ಕದಿಂದ ವಾಹನಕ್ಕೆ ಚಾರ್ಜು ಮಾಡುವುದು ೨೦೦೩ರ ವಿದ್ಯುಚ್ಛಕ್ತಿ ಕಾಯಿದೆಯಂತೆ ಅನಧಿಕೃತ ಬಳಕೆಯೆನಿಸುತ್ತದೆ. ಮನೆಯ ಮೀಟರಿನಿಂದ, ನೆಲತಂತಿಯುಳ್ಳ ಸರಿಯಾದ ಪ್ಲಗ್ಗಿನಿಂದಲೇ ಮಾಡಬೇಕು.

ಗ್ರಾಮದ ಮುಖಂಡರಲ್ಲಿಯೂ ಜಮೀನುದಾರರಲ್ಲಿಯೂ ನಮ್ಮ ವಿಜ್ಞಾಪನೆ ಇಷ್ಟೆ. ನಷ್ಟವನ್ನು ತಾಳಬಲ್ಲವರು ಮೊದಲು ಪರೀಕ್ಷಿಸಲಿ. ಬಡ ರೈತನ ಸಾಲದ ಹಣದಿಂದ ಪರೀಕ್ಷೆ ನಡೆಯುವುದು ಬೇಡ. ಊರಿಗೆ ಒಬ್ಬರಾದರೂ ಒಂದು ವಾಹನವನ್ನು ಮಳೆಗಾಲ ಬೇಸಿಗೆಗಳೆರಡರಲ್ಲೂ ನಡೆಸಿ, ಓಡಿದ ದೂರ, ಸುಟ್ಟ ಯೂನಿಟ್ಟು, ರಿಪೇರಿಗೆ ಕಾದ ದಿನಗಳು ಇವನ್ನು ಬರೆದಿಟ್ಟು, ಗ್ರಾಮಸಭೆಯಲ್ಲಿ ಓದಿ ಹೇಳಲಿ. ಲಾಭವಾದರೆ ಲಾಭವೆಂದೂ ನಷ್ಟವಾದರೆ ನಷ್ಟವೆಂದೂ ಹೇಳಲಿ. ವರ್ತಕನ ಹೊಗಳಿಕೆಗಿಂತಲೂ ಅರಳಿಕಟ್ಟೆಯ ವದಂತಿಗಿಂತಲೂ ಆ ಒಂದು ಪುಟದ ಲೆಕ್ಕವು ರೈತನಿಗೆ ಹೆಚ್ಚು ಉಪಕಾರಿ.